ಕಂಬದ ಹಿಂದೆ ಕೂತಿದ್ದವಳು

ಶ್ರೀಪಾದ ಸರ್ ಜೀವಮಾನದಲ್ಲಿ ಒಂದು ಗೆರೆಯನ್ನೂ ಫೋಟೋ ಮೇಲಿಟ್ಟು ಎಳೆದವರಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಈಚೆಗೆ ಡೊಂಬಿವಲಿಯ ಸಭಾಂಗಣವೊಂದರಲ್ಲಿ ಅವರಿಗೆ ಶಾಲು ಹೊದಿಸಿದಾಗ ನಿರೂಪಕರೂ ಅದನ್ನೇ ಹೇಳಿದರು. ಅದರ ಬೆನ್ನಿಗೆ ಯಾವಾಗಲೂ ಬರುವ ಕಥೆಯೂ ಬಂತು. ಅವರ ಕಾಮಿಕ್ಸ್ ಸ್ಟುಡಿಯೋದಲ್ಲಿ ಒಬ್ಬ ಹುಡುಗ ಯಾರದೋ ಫೋಟೋವನ್ನು ಟ್ರೇಸ್ ಮಾಡಿ ತನ್ನ ಚಿತ್ರವೆಂದು ಕೊಟ್ಟನಂತೆ. ಸರ್ ಗಿರಾಕಿಯ ಎದುರಿಗೇ ಆ ಹಾಳೆಯನ್ನು ಹರಿದು, ಅವನನ್ನು ಅಂದೇ ಮನೆಗೆ ಕಳಿಸಿದರಂತೆ. ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಸರ್ ತಲೆ ತಗ್ಗಿಸಿ ಶಾಲಿನ ಅಂಚು ಸರಿ ಮಾಡಿಕೊಂಡರು.

ನಾನು ಆ ಸ್ಟುಡಿಯೋದಲ್ಲಿ ಮೊದಲಿಂದ ಕೊನೆಯವರೆಗೆ ದುಡಿದವಳು. ಹಾಳೆ ಹರಿದಾಗ ಮೇಜಿನ ಈ ಬದಿಗೆ ನಿಂತಿದ್ದೆ. ಆ ಕಥೆಯಲ್ಲಿ ಹಾಳೆ ಹರಿದದ್ದು, ಅವನನ್ನು ಕಳಿಸಿದ್ದು, ಎರಡೇ ನಿಜ. ಇನ್ನು ಆ 'ಹುಡುಗ'. ಆಗಲೇ ಅವನಿಗೆ ಮದುವೆಯಾಗಿ ಶಾಲೆಗೆ ಹೋಗುವ ಮಗಳಿದ್ದಳು. ಅವನಿಗೊಂದು ಹೆಸರೂ ಇದೆ, ದಿನೇಶ. ಕಥೆ ಹೇಳುವವರಿಗೆ ಆ ಹೆಸರು ಬೇಕಾಗುವುದಿಲ್ಲ. ಆದರೆ ನಮ್ಮ ಕಸುಬು ಚಿಕ್ಕದು. ಕೇಳಿದವರಿಗೆಲ್ಲ ಅದು ಯಾರೆಂದು ಗೊತ್ತು.

ಮೂವತ್ತಾರಕ್ಕೇ ನಿವೃತ್ತಿ ಎಂದರೆ ನನ್ನ ಅಮ್ಮನೇ ನಗುತ್ತಾಳೆ. ಆದರೆ ಹೆಬ್ಬೆರಳಿನ ಬುಡ ಕೆಟ್ಟು, ಇನ್ನು ಪೆನ್ನು ಹಿಡಿದರೆ ಲೋಟ ಹಿಡಿಯುವುದೂ ಕಷ್ಟವಾದೀತು ಎಂದು ಡಾಕ್ಟರು ಹೇಳಿದ ಮೇಲೆ ಬೇರೆ ಯಾವ ಪದ ಬಳಸಬೇಕೋ ನನಗೆ ಗೊತ್ತಿಲ್ಲ. ಈಗ ಈ ಕೆಲಸಕ್ಕೆ ಬರಬೇಕೆಂದಿರುವವರು ಆಗಾಗ ಮನೆಗೆ ಬರುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಅಕ್ಕಾ, ಟ್ರೇಸ್ ಮಾಡೋದು ತಪ್ಪಾ?" ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗಿ ಹೋಗಿ ನನಗೊಂದು ಚಟ ಅಂಟಿದೆ. ವಿಷಯ ಕೊಟ್ಟ ಕೂಡಲೇ ಹೌದು ಇಲ್ಲ ಎನ್ನಲಾರೆ, ಮೊದಲು ವ್ಯಾಖ್ಯೆ ಕೇಳುತ್ತೇನೆ. ಟ್ರೇಸ್ ಎಂದರೆ ಏನು? ಯಾರ ಫೋಟೋ, ಯಾರ ಕೈ, ಯಾರಿಗೆ ಏನು ಹೇಳಿ? ಇಷ್ಟು ಹೊತ್ತಿಗೆ ಬಂದವರು ಗಡಿಯಾರ ನೋಡತೊಡಗುತ್ತಾರೆ. ಆದ್ದರಿಂದ ಬರೆದಿಡುವುದೇ ಮೇಲು.

ಸ್ಟುಡಿಯೋ ಇದ್ದದ್ದು ಠಾಣೆಯ ಹಳೆಯ ನಾಕಾ, ಅಂದರೆ ಕೂಡುರಸ್ತೆಯೊಂದರಲ್ಲಿ, ಫರ್ಸಾಣ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಡಲೆಹಿಟ್ಟು ಕರಿದ ವಾಸನೆ ನಮ್ಮ ಹಾಳೆಗಳಿಗೂ ಹತ್ತುತ್ತಿತ್ತು. ನಡುಕೋಣೆಯಲ್ಲೊಂದು ಗಾಜಿನ ಮೇಜು, ಅದರ ಕೆಳಗೆ ಟ್ಯೂಬ್‌ಲೈಟ್. ಫೋಟೋ ಕೆಳಗೆ, ಹಾಳೆ ಮೇಲೆ. ದೀಪ ಹಾಕಿದರೆ ಫೋಟೋದ ಗೆರೆಗಳು ಹಾಳೆಯಲ್ಲಿ ಮೂಡುತ್ತವೆ. ಒಂದು ಗೆರೆಯನ್ನೂ ಟ್ರೇಸ್ ಮಾಡದವರು ಆ ಮೇಜನ್ನು ಊಟಕ್ಕೆ ಇಟ್ಟುಕೊಂಡಿದ್ದರೇ ಎಂದು ನಾನು ನಿರೂಪಕರನ್ನು ಕೇಳಬೇಕಿತ್ತು.

ಕೆಲಸ ಕೇಳಲು ಹೋದ ದಿನ ಸರ್ ನನ್ನಿಂದ ಒಬ್ಬ ನಿಂತ ಮನುಷ್ಯನನ್ನು ಬರೆಸಿದರು. ಸರ್ ಧಾರವಾಡದ ಕಡೆಯವರು. ಹಾಳೆ ತಿರುಗಿಸಿ ತಿರುಗಿಸಿ ನೋಡಿದರು.

"ಕೈ ತೆಗೀಲಿಕ್ಕೆ ಬರಂಗಿಲ್ಲಾ?"

"ಸ್ವಲ್ಪ ಕಷ್ಟ ಆಗುತ್ತೆ ಸರ್."

"ಹಂಗಾರ ಕೈ ಕಿಸೆದಾಗ ಇಡಸು. ಕಾಲು?"

"ಕಾಲೂ ಸ್ವಲ್ಪ..."

"ಹುಲ್ಲು ಬೆಳಸು."

ಇದು ನನ್ನ ಮೊದಲ ಪಾಠ. ಗುಂಪು ಬರೆಯಲು ಬೇಸರವಾದರೆ ಕಪ್ಪು ತಲೆಗಳು ಸಾಕು. ಹಿನ್ನೆಲೆ ಬೇಡವೆನಿಸಿದರೆ ಮಂಜು. ಕುದುರೆಯ ಹಿಂಗಾಲು ಕೈಕೊಟ್ಟರೆ ಅಲ್ಲಿಗೇ ಮಾತಿನ ಗುಳ್ಳೆ ತಂದಿಡು. ಮಾತು ಕಡಿಮೆ ಬಿದ್ದರೆ ಬರೆಯುವವನಿಂದ ಇನ್ನೆರಡು ಸಾಲು ಬರೆಸು. ನಮ್ಮ ಕಾಮಿಕ್ಸ್‌ಗಳಲ್ಲಿ ರಾಜರು ಮೊಣಕಾಲುದ್ದ ಹುಲ್ಲಿನಲ್ಲಿ ನಿಂತೇ ರಾಜ್ಯಭಾರ ಮಾಡುತ್ತಿದ್ದರು, ಅವರ ಕುದುರೆಗಳ ಹಿಂದೆ ಯಾವಾಗಲೂ ಯಾರೋ ಮಾತಾಡುತ್ತಿದ್ದರು. ಓದುವವರು ಒಮ್ಮೆಯೂ ದೂರಲಿಲ್ಲ. ಒಳದಾರಿ ಎಂದರೆ ಮೋಸ ಎನ್ನುವವರು ಇವುಗಳಲ್ಲಿ ಯಾವುದು ಮೋಸ ಎಂದು ಹೇಳಲಿ.

ಫೋಟೋವೂ ಇತ್ತು, ಧಾರಾಳವಾಗಿ. ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕೈಗೆ ಪೊರಕೆ ಕೊಟ್ಟು, "ಯುದ್ಧಕ್ಕ ಹೊಂಟ ರಾಣಿ ಹಂಗ ನೋಡವಾ, ಲೋಕಲ್ ತಪ್ಪಿಸಿಕೊಂಡವರ ಹಂಗ ನೋಡಬ್ಯಾಡ" ಎಂದು ಸರ್ ಫೋಟೋ ತೆಗೆಯುತ್ತಿದ್ದರು. ಅದನ್ನು ಗಾಜಿನ ಮೇಲಿಟ್ಟು ಎಳೆದರೆ ಪೊರಕೆ ಕತ್ತಿಯಾಗುತ್ತಿತ್ತು. ಹಾಗೆ ಎಳೆಯುವಾಗ ಅವರು ಹೇಳಿಕೊಟ್ಟದ್ದನ್ನು ನಾನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತೇನೆ.

"ಫೋಟೋ ಸುಳ್ಳು ಹೇಳ್ತದ ತಂಗಿ. ಹತ್ರ ಇದ್ದದ್ದು ಆನಿ ಮಾಡ್ತದ, ದೂರ ಇದ್ದದ್ದು ಇರಿವಿ ಮಾಡ್ತದ. ನೆಟ್ಟಗಿದ್ದ ಗೋಡಿ ಬಾಗಸ್ತದ. ಟ್ರೇಸ್ ಮಾಡು, ಬ್ಯಾಡ ಅನ್ನಂಗಿಲ್ಲ. ಅದರ ಸುಳ್ಳೂ ಟ್ರೇಸ್ ಮಾಡಬ್ಯಾಡ."

ಟ್ರೇಸ್ ಮಾಡಿದ ಚಿತ್ರವನ್ನು ದೂರದಿಂದಲೇ ಗುರುತಿಸುವ ವಿದ್ಯೆ ಇದರಿಂದಲೇ ನಮಗೆ ಬಂತು. ಕಲಿಸಿದವರು ಸರ್. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಸ್ಟುಡಿಯೋದ ಅತಿ ದೊಡ್ಡ ಎಡವಟ್ಟು ಸರ್ ಅವರದೇ. ಕಲ್ಯಾಣದ ಕಡೆಯ ಒಂದು ದೇವಸ್ಥಾನದವರಿಗೆ ಚಿತ್ರಕಥೆ ಮಾಡುತ್ತಿದ್ದೆವು. ಉತ್ಸವದ ಫೋಟೋವೊಂದು ಬಹಳ ಚೆನ್ನಾಗಿತ್ತು, ಆದರೆ ಗುಡಿ ಬಲಗಡೆಗಿತ್ತು. ಪುಟಕ್ಕೆ ಎಡಗಡೆ ಬೇಕಿತ್ತು. ಗಾಜಿನ ಮೇಜಿನಲ್ಲಿ ಅದೇನು ಕಷ್ಟ? ಸರ್ ಫೋಟೋವನ್ನು ಮಗುಚಿಟ್ಟು ಎಳೆದರು. ಚಿತ್ರ ಸೊಗಸಾಗಿ ಬಂತು. ದೇವಸ್ಥಾನದ ಹಿರಿಯರು ಬಂದು, ಚಹಾ ಕುಡಿದು, ಪುಟವನ್ನು ಬಹಳ ಹೊತ್ತು ನೋಡಿ, ಮರಾಠಿಯಲ್ಲಿ ಮೆಲ್ಲಗೆ, "ಆಮ್ಚೇ ಗುರುಜೀ ಡಾವಖುರೇ ನಾಹೀತ್" ಎಂದರು. ನಮ್ಮ ಅರ್ಚಕರು ಎಡಚರಲ್ಲ ಎಂದು. ಆಗ ನೋಡಿದರೆ ಅರ್ಚಕರು ಎಡಗೈಯಿಂದ ಮಂಗಳಾರತಿ ಎತ್ತುತ್ತಿದ್ದಾರೆ, ಎಡಗೈಯಿಂದ ಪ್ರಸಾದ ಕೊಡುತ್ತಿದ್ದಾರೆ, ಊರಿಗೆ ಊರೇ ಎಡಗೈ ಚಾಚಿ ಪ್ರಸಾದ ತೆಗೆದುಕೊಳ್ಳುತ್ತಿದೆ, ಹೆಂಗಸರೆಲ್ಲರ ಸೆರಗು ಬಲಭುಜದ ಮೇಲಿದೆ. ತಲೆಯಿಂದ ಚಿತ್ರ ಬರೆಯುವವನು ಮರೆತು ಒಬ್ಬನನ್ನು ಎಡಚ ಮಾಡಬಹುದು. ಇಡೀ ಜಾತ್ರೆಯನ್ನು ಎಡಚ ಮಾಡಲು ಫೋಟೋ ಬೇಕು, ಅದೂ ಮಗುಚಿದ ಫೋಟೋ.

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋಟೋ ಮಗುಚಿಟ್ಟು ಟ್ರೇಸ್ ಮಾಡಿದೆ ಎಂದು ಕೈಮುಗಿದು ಕ್ಷಮೆ ಕೇಳಿದರು, ಹೊಸದಾಗಿ ಬರೆದುಕೊಟ್ಟರು. ಎಷ್ಟೋ ದಿನ ನಾವು ಅವರಿಗೆ ಚಹಾ ಕೊಡುವಾಗ ಎಡಗೈ ಚಾಚುತ್ತಿದ್ದೆವು, ಅವರೂ ಎಡಗೈಯಲ್ಲೇ ತೆಗೆದುಕೊಳ್ಳುತ್ತಿದ್ದರು. ಆ ಪುಟವನ್ನು ಯಾರೂ ಹರಿಯಲಿಲ್ಲ.

ಆಮೇಲೆ ಟ್ಯಾಬ್ಲೆಟ್ ಬಂತು. ಕೋಣೆ, ಮೆಟ್ಟಿಲು, ರಿಕ್ಷಾ ಎಲ್ಲ ಕಂಪ್ಯೂಟರಿನಲ್ಲಿ ರೆಡಿಮೇಡ್ ಸಿಗತೊಡಗಿದವು. ಬೇಕಾದ ಕಡೆಗೆ ತಿರುಗಿಸಿ ಮೇಲೆ ಗೆರೆ ಎಳೆದರಾಯಿತು. ಈಗಂತೂ ನಾಲ್ಕು ಪದ ಟೈಪ್ ಮಾಡಿದರೆ ಚಿತ್ರವೇ ಬರುತ್ತದೆ, ಬೆರಳು ಮಾತ್ರ ಒಮ್ಮೊಮ್ಮೆ ಹೆಚ್ಚು. ಪ್ರತಿ ಸಲವೂ ಇನ್ನು ಕಲೆ ಸತ್ತಿತು ಎಂದವರಿದ್ದರು. ಗಾಜಿನ ಮೇಜು ಬಂದಾಗಲೂ ಯಾರೋ ಹಾಗೆ ಅಂದಿರಬೇಕು. ನಮ್ಮಲ್ಲಿ ಒಂದು ಪದ್ಧತಿ ಮಾತ್ರ ಬದಲಾಗಲಿಲ್ಲ: ಎರಡು ಪುಟಕ್ಕೆ ಹರಡುವ ದೊಡ್ಡ ಚಿತ್ರಗಳನ್ನು ಕಾಗದದ ಮೇಲೇ ಬರೆಯಬೇಕು. ಅದು ಸರ್ ಹಟ.

ಅಂಥ ದೊಡ್ಡ ಚಿತ್ರಗಳಲ್ಲಿ ದಿನೇಶನ ಕೈ ಎಲ್ಲರಿಗಿಂತ ಮೇಲು. ಅವನ ಮನೆಯವರು ಕಾರ್ಕಳದ ಕಡೆಯಿಂದ ಬಂದವರು, ಮನೆ ಠಾಣೆಯ ಆಚೆಗಿನ ದಿವಾದಲ್ಲಿ. ಇಡೀ ಸ್ಟುಡಿಯೋದಲ್ಲಿ ಟ್ರೇಸ್ ಮಾಡದವನು ಅವನೊಬ್ಬನೇ. ಅದು ತತ್ವವೇನೂ ಅಲ್ಲ. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ಕೆಳಗಿಂದ ಆ ಲೈಟ್ ಹೊಡೆದರೆ ನನಗೆ ಕಣ್ಣು ಉರಿಯುತ್ತದೆ ಮಾರಾಯ್ತಿ. ಫೋಟೋ ಹುಡುಕಿ, ಪ್ರಿಂಟ್ ತೆಗೆದು, ಅಳತೆಗೆ ಕೂಡಿಸಿ, ಅಷ್ಟರೊಳಗೆ ನಾನು ಬರೆದು ಚಹಾ ಕುಡಿದು ಬರ್ತೇನೆ."

ವಾಶಿಯ ಒಬ್ಬ ಪ್ರಕಾಶಕರು ನಮ್ಮ ಈ ಕಡೆಯ ಊರುಗಳ ಮೇಲೆ ಒಂದು ದೊಡ್ಡ ಕಾಮಿಕ್ಸ್ ಪುಸ್ತಕ ಒಪ್ಪಿಸಿದರು. ಅಂಥ ಕೆಲಸ ನಮಗೆ ಮೊದಲು ಬಂದಿರಲಿಲ್ಲ. ಅವರ ಕರಾರು ಒಂದೇ: ಬೇರೆಯವರ ಫೋಟೋ ನಕಲು ಮಾಡಬಾರದು, ಮಾಡಿದ್ದು ಗೊತ್ತಾದರೆ ಪುಸ್ತಕ ರದ್ದು. ದಿವಾ ಸ್ಟೇಷನ್ನಿನ ಸೇತುವೆಯ ಬೆಳಗಿನ ನೂಕುನುಗ್ಗಲು ದಿನೇಶನ ಪಾಲಿಗೆ ಬಂತು. ಠಾಣೆಯ ತಲಾವ್‌ಪಾಳಿ ಕೆರೆಯನ್ನು ಸರ್ ತಾವೇ ಇಟ್ಟುಕೊಂಡರು. ಈ ಭಾಗದ ಸ್ಟೇಷನ್ನು, ಕೆರೆಗಳ ಫೋಟೋಗಳಿಂದ ಹೆಸರಾಗಿದ್ದ ಒಬ್ಬ ಫೋಟೋಗ್ರಾಫರ್ ಇದ್ದರು. ಅವರ ಕೆರೆಯ ಫೋಟೋದ ಪ್ರಿಂಟ್ ಸರ್ ಅವರ ಗಾಜಿನ ಮೇಲೆ, ಹಾಳೆಯ ಕೆಳಗೆ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾದರಿಗೆಂದು ಕೆಲವು ಪುಟ ಚಿಕ್ಕದಾಗಿ ಅಚ್ಚಾದವು, ದಿನೇಶನ ಸೇತುವೆಯೂ ಅದರಲ್ಲಿತ್ತು. ಅದೇ ಫೋಟೋಗ್ರಾಫರ್, ಇದು ನನ್ನ ಫೋಟೋದ ನಕಲು ಎಂದು ಪ್ರಕಾಶಕರಿಗೆ ದೂರು ಕೊಟ್ಟರು. ವಾಶಿಯ ಸಾಹೇಬರು ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ನಮ್ಮ ಮಹಡಿ ಹತ್ತಿ ಬಂದರು. ಗಾಜಿನ ಮೇಜಿನ ಸುತ್ತ ಎಲ್ಲರೂ ನಿಂತೆವು.

"ಈ ಫೋಟೋ ನಾನು ನೋಡಿದ್ದೇ ಇಲ್ಲ ಸರ್," ಎಂದ ದಿನೇಶ.

ಸಾಹೇಬರು ಹಿಂದಿಯಲ್ಲಿ ಕೇಳಿದರು: ಹಾಗಾದರೆ ಎರಡೂ ಒಂದೇ ಮೂಲೆಯಿಂದ ಹೇಗೆ?

ದಿನೇಶನಿಗೆ ಹಿಂದಿ ಬರುತ್ತದೆ, ಆದರೆ ಗಾಬರಿಯಲ್ಲಿ ಸರ್ ಕಡೆ ತಿರುಗಿ ಕನ್ನಡದಲ್ಲೇ ಹೇಳಿದ. "ಬೇರೆ ಎಲ್ಲಿ ನಿಲ್ಲುವುದು ಹೇಳಿ? ಮೆಟ್ಟಿಲಿನ ಆ ಮೂಲೆ ಬಿಟ್ಟು ಎಲ್ಲಿ ನಿಂತರೂ ಜನ ನಮ್ಮನ್ನು ಎತ್ತಿಕೊಂಡೇ ಪ್ಲಾಟ್‌ಫಾರ್ಮಿಗೆ ಹೋಗ್ತಾರೆ. ಆ ಫೋಟೋದವರೂ ಅಲ್ಲಿಯೇ ನಿಂತಿರಬೇಕು, ಪಾಪ."

ನಾನು ಇದನ್ನು ಹಿಂದಿಗೆ ತಿರುಗಿಸಿದೆ. ಸಾಹೇಬರು ನಗಲಿಲ್ಲ. ಮಾದರಿ ಅಚ್ಚು ಅಂಗೈಯಗಲದ್ದು, ಮಸಿ ಮಸಿ. ಅದರಲ್ಲಿ ಏನೂ ತಿಳಿಯುವಂತಿರಲಿಲ್ಲ. ಮೂಲ ಹಾಳೆ ತಂದು ಫೋಟೋದ ಪಕ್ಕಕ್ಕಿಟ್ಟೆ. ಫೋಟೋದಲ್ಲಿ ಸೇತುವೆಯ ಕಂಬಗಳು ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿವೆ, ಹತ್ತಿರದ ಮನುಷ್ಯನ ಚಪ್ಪಲಿ ದೋಣಿಯಷ್ಟಿದೆ. ದಿನೇಶನ ಹಾಳೆಯಲ್ಲಿ ಕಂಬ ನೆಟ್ಟಗಿವೆ, ಚಪ್ಪಲಿ ಚಪ್ಪಲಿಯಷ್ಟಿದೆ. ಟ್ರೇಸ್ ಮಾಡಿದ್ದರೆ ಆ ವಾಲು ಇದರಲ್ಲೂ ಇರಬೇಕಿತ್ತಲ್ಲ ಎಂದೆ.

"ತಿದ್ದಿಕೊಂಡಿರಬಹುದು," ಎಂದರು ಸಾಹೇಬರು. ಒಪ್ಪತಕ್ಕ ಮಾತೇ. ತಿದ್ದಲು ಬರುತ್ತದೆ, ನಮಗೆ ಅದನ್ನೇ ಕಲಿಸಿದ್ದರು.

ಆದರೆ ತಿದ್ದಿ ತರಲಾಗದ್ದೊಂದು ಆ ಹಾಳೆಯಲ್ಲಿತ್ತು. ಫೋಟೋದಲ್ಲಿ ಮುಂದಿನ ಕಂಬ ಮೆಟ್ಟಿಲಿನ ಬುಡವನ್ನು ಪೂರ್ತಿ ಮುಚ್ಚಿದೆ. ದಿನೇಶನ ಹಾಳೆಯಲ್ಲಿ ಆ ಕಂಬದ ಮರೆಯಿಂದ ಅರ್ಧ ಕಾಣುವ ಹಾಗೆ ಒಬ್ಬ ಹೆಂಗಸು ಕೂತಿದ್ದಳು. ಒಂದು ಮಡಿಸಿದ ಮೊಣಕಾಲು, ಒದ್ದೆ ಬಟ್ಟೆ ಹೊದಿಸಿದ ಬುಟ್ಟಿ, ಹೂ ಕಟ್ಟುವ ಬೆರಳು. ದಿನಾ ಅಲ್ಲಿ ಕೂತು ಗಜರಾ ಮಾರುವವಳು. ದಿನಾ ಅದೇ ಸೇತುವೆ ದಾಟುವವನಿಗೆ ಅವಳು ಗೊತ್ತು, ಕ್ಯಾಮೆರಾಕ್ಕೆ ಗೊತ್ತಿಲ್ಲ. ಕ್ಯಾಮೆರಾ ಕಾಣದವಳನ್ನು ಟ್ರೇಸ್ ಮಾಡುವುದು ಹೇಗೆ?

ಇಷ್ಟನ್ನೂ ನಾನು ಇನ್ನೂ ಹೇಳಿರಲಿಲ್ಲ. "ಕಂಬದ ಹಿಂದೆ ನೋಡಿ" ಎಂದಷ್ಟೇ ಶುರು ಮಾಡಿದ್ದೆ. ಸಾಹೇಬರು ಬಾಗುವ ಮೊದಲೇ ಸರ್ ಬಾಗಿದರು. ತಲೆಯ ಮೇಲೇರಿಸಿದ್ದ ಕನ್ನಡಕವನ್ನು ಕಣ್ಣಿಗಿಳಿಸಿಕೊಂಡು ಕಂಬದ ಬುಡ ನೋಡಿದರು. ಹಾಳೆ ಎತ್ತಿದರು. ಹರಿದರು. ಇನ್ನೊಮ್ಮೆ ಅಡ್ಡಕ್ಕೆ ಹರಿದರು.

"ನಮ್ಮಲ್ಲಿ ಇಂಥಾದ್ದಕ್ಕ ಜಾಗ ಇಲ್ಲ. ದಿನೇಶ, ನಾಳಿಂದ ಬರಬ್ಯಾಡ."

ನಾನು ಮಾತು ಮುಂದುವರಿಸಿದೆ, ಹೂವಿನವಳ ವಿಷಯ ಪೂರ್ತಿ ಹೇಳಿಯೇ ಹೇಳಿದೆ. ಚೂರುಗಳಾದ ಹಾಳೆಯ ಬಗ್ಗೆ ವಾದ ಮಾಡುವವಳನ್ನು ಯಾರು ಕೇಳುತ್ತಾರೆ? ಸಾಹೇಬರು ಬ್ಯಾಗಿನ ಜಿಪ್ ಎಳೆಯುತ್ತ, "ಮೇಡಂ, ಬಹಸ್ ನಹೀ, ಏಕ್ ನಾಮ್ ಚಾಹಿಯೇ ಥಾ" ಎಂದರು. ಅವರಿಗೆ ಬೇಕಿದ್ದದ್ದು ವಾದವಲ್ಲ, ಒಂದು ಹೆಸರು. ಸಿಕ್ಕಿತು. ಮಿಕ್ಕ ಪುಟಗಳನ್ನು ಅವರು ಕೇಳಲೂ ಇಲ್ಲ, ನೋಡಲೂ ಇಲ್ಲ.

ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ಮಾತಾಡಬೇಕು. ಸರ್ ಪಕ್ಷ ನನಗೆ ಬಂದಿದ್ದರೆ ಹೀಗೆ ಹೇಳುತ್ತಿದ್ದೆ: ಅಂದು ವಿಚಾರಣೆ ಮುಂದುವರಿದಿದ್ದರೆ ಮುಂದಿನ ಸರದಿ ಕೆರೆಯ ಪುಟದ್ದು. ಪುಸ್ತಕ ರದ್ದಾಗುತ್ತಿತ್ತು, ಸ್ಟುಡಿಯೋ ಮುಚ್ಚುತ್ತಿತ್ತು. ಒಬ್ಬನ ಕೆಲಸ ಹೋಗಿ ಉಳಿದವರದೆಲ್ಲ ಉಳಿಯಿತು, ನನ್ನದೂ. ಇದು ದುರ್ಬಲ ವಾದವಲ್ಲ. ಆದರೆ ಸರ್ ಈ ವಾದವನ್ನು ಒಮ್ಮೆಯೂ ಮಾಡಿಲ್ಲ. ಮಾಡಿದ್ದರೆ ದಿನೇಶ ಎಲ್ಲರಿಗಾಗಿ ಕೆಲಸ ಕಳೆದುಕೊಂಡವನು ಆಗುತ್ತಿದ್ದ. ಶಾಲು ಹೊದಿಸುವವರ ಕಥೆಯಲ್ಲಿ ಅವನು ಕಳ್ಳ.

ಹಾಗಾಗಿ, ಟ್ರೇಸ್ ಮಾಡುವುದು ತಪ್ಪಾ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಗಡುವು ಕುತ್ತಿಗೆಗೆ ಬಂದಾಗ ಟ್ರೇಸ್ ಮಾಡಿ, ನಿಮ್ಮದೇ ಫೋಟೋ ತೆಗೆದುಕೊಳ್ಳಿ, ಬೇರೆಯವರದಾದರೆ ಕೇಳಿ ತೆಗೆದುಕೊಳ್ಳಿ, ಕೇಳಿದವರಿಗೆ ಹೌದು ಟ್ರೇಸ್ ಮಾಡಿದ್ದೇನೆ ಎನ್ನಿ. ಎಡಚ ಜಾತ್ರೆಯ ದಿನ ಸರ್ ಹಾಗೇ ಅಂದಿದ್ದರು, ಅವರ ಮರ್ಯಾದೆಗೆ ಏನೂ ಆಗಲಿಲ್ಲ.

ಇದನ್ನೆಲ್ಲ ಈಗ ಎತ್ತಲು ಕಾರಣವಿದೆ. ಬೇಲಾಪುರದಲ್ಲಿ ಹೊಸದಾಗಿ ಪುಸ್ತಕ ಮಾಡುತ್ತಿರುವವರಿಗೆ ಸ್ಟೇಷನ್ನುಗಳ ಮೇಲೊಂದು ಕಾಮಿಕ್ಸ್ ಬರೆಯುವವರು ಬೇಕಿತ್ತು. ಅಲ್ಲಿನ ಸಂಪಾದಕಿ ಮುಗ್ಧಾ ನನ್ನನ್ನು ಕೇಳಿದಾಗ ನಾನು ದಿನೇಶನ ಹೆಸರು ಹೇಳಿದೆ. ಅವನು ಈಗ ಬದಲಾಪುರದಲ್ಲಿ ಅಡುಗೆಮನೆ ಕಪಾಟು ಮಾಡಿಕೊಡುವ ಕಂಪನಿಯಲ್ಲಿದ್ದಾನೆ. ಗಿರಾಕಿಯ ಎದುರು ಕೂತು ಅವರ ಅಡುಗೆಮನೆ ಹೇಗೆ ಕಾಣುತ್ತದೆಂದು ಬರೆದು ತೋರಿಸುವ ಕೆಲಸ. ಅವನ ಕೆಲವು ಚಿತ್ರ ನೋಡಿ ಮುಗ್ಧಾ ಕುಣಿದಾಡಿದಳು. ಮರುದಿನ ಫೋನ್ ಮಾಡಿದಾಗ ದನಿ ಇಳಿದಿತ್ತು.

"ದೀದಿ, ತೋ ಟ್ರೇಸಿಂಗ್‌ವಾಲಾ ಕಾ?" ಆ ಟ್ರೇಸಿಂಗ್ ಮನುಷ್ಯನಾ ಇವನು ಎಂದಳು. ಅವಳ ಪ್ರಕಾಶನದ ಯಜಮಾನರು ಡೊಂಬಿವಲಿಯ ಸಭೆಯಲ್ಲಿದ್ದರಂತೆ. ನಾನು ನಡೆದದ್ದೆಲ್ಲ ಹೇಳಿದೆ. ಅವಳು ನಂಬಿದಳು. ಆದರೆ ಯಜಮಾನರು ನಂಬಬೇಕಾದರೆ ಶ್ರೀಪಾದ ಸರ್ ಒಂದು ಫೋನ್ ಮಾಡಬೇಕು, ಈ ವಾರದೊಳಗೆ; ಇಲ್ಲವಾದರೆ ಬೇರೆಯವರನ್ನು ನೋಡುತ್ತಾರೆ.

ದಿನೇಶನಿಗೆ ಹೇಳಿದೆ.

"ಬಿಡು ಮಾರಾಯ್ತಿ. ಗ್ಯಾಸ್ ಸಿಲಿಂಡರ್ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈಗ ಯಾರೂ ಇಲ್ಲ. ಯಾಕೆ ಸುಮ್ಮನೆ ಆ ಮುದುಕರಿಗೆ ತೊಂದರೆ?"

ಸರಿ ಎಂದು ಫೋನಿಡುವುದರಲ್ಲಿದ್ದೆ.

"ಅಲ್ಲ," ಎಂದ. "ಕೇಳಿದರೆ ಮಾಡ್ತಾರಂತಾ?"

ನಿನ್ನೆ ಕಲ್ಯಾಣಕ್ಕೆ ಹೋದೆ. ಸರ್ ಬಾಲ್ಕನಿಯ ಬಳಿ ಕುರ್ಚಿಯಲ್ಲಿದ್ದರು, ಮಡಚಿದ ಶಾಲು ಇನ್ನೂ ಸೋಫಾದ ಬೆನ್ನಿನ ಮೇಲಿತ್ತು.

"ಬಾರವಾ, ವಕೀಲಬಾಯಿ. ಹೆಬ್ಬಟ್ಟು ಹೆಂಗದ?"

"ಲೋಟ ಹಿಡೀಲಿಕ್ಕೆ ಆಗುತ್ತೆ ಸರ್."

"ಎಡಗೈಲೆ ಹಿಡಿ. ನಮ್ಮ ಜಾತ್ರ್ಯಾಗ ಎಲ್ಲಾರೂ ಹಂಗ ಹಿಡಿತಾರ." ಇಬ್ಬರೂ ನಕ್ಕೆವು. ಕಾಕು, ಅಂದರೆ ಅವರ ಹೆಂಡತಿ, ಹಚ್ಚಿದ ಅವಲಕ್ಕಿ ತಂದಿಟ್ಟರು.

ನಾನು ವಿಷಯ ಹೇಳಿದೆ. ಅವರು ಅವಲಕ್ಕಿಯಲ್ಲಿ ಶೇಂಗಾ ಆರಿಸುತ್ತ ಕೇಳಿಸಿಕೊಂಡರು.

"ಆ ಕಥಿ ನಾ ಹುಟ್ಟಿಸಿಲ್ಲ. ಜನಾ ಹೇಳ್ತಾರ."

"ನೀವು ಅಲ್ಲ ಅನ್ನಲಿಲ್ಲ."

"ಶಾಲು ಹೊದಸವರ ಮುಂದ ಅಲ್ಲ ಅನ್ನಲಿಕ್ಕ ಬರ್ತದೇನು? ನೀ ಅಂತಿದ್ದೇನು?"

"ಶಾಲು ಮಡಚಿ ಆಯ್ತಲ್ಲ ಸರ್. ಈಗ ಅನ್ನಬಹುದು. ಒಂದೇ ಫೋನು."

"ಏನಂತ ಹೇಳಲಿ? ಕಂಬ ನೆಟ್ಟಗಿದ್ದು ಅಂತನೋ? ಅದನ್ನ ಯಾರರೆ ತಿದ್ದತಾರ. ನಾನೇ ಕಲಿಸೀನಿ."

ಮುಗ್ಧಾಳ ನಂಬರು ತೆಗೆದು ಫೋನನ್ನು ಅವರ ತಟ್ಟೆಯ ಪಕ್ಕಕ್ಕಿಟ್ಟೆ. ಅವರು ಅದನ್ನು ನೋಡಲಿಲ್ಲ, ದೂರ ಸರಿಸಲೂ ಇಲ್ಲ. ಕನ್ನಡಕ ತಲೆಯ ಮೇಲೇ ಇತ್ತು. ಕೆಳಗೆ ಸೊಸೈಟಿಯ ಗೇಟಿನ ಬಳಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಲೇ ಇದ್ದರು.

"ಕಂಬ ಬಿಡಿ ಸರ್," ಎಂದೆ. "ಹರಿಯೋ ಮೊದಲು ನೀವು ಕನ್ನಡಕ ಇಳಿಸಿಕೊಂಡು ಬಾಗಿ ನೋಡಿದ್ರಿ. ಕಂಬದ ಹಿಂದೆ ಯಾರು ಕೂತಿದ್ದರು?"